ರೈಲಿನ ಚಿತ್ರ: ಇಬ್ಬರು ಶಿಷ್ಯರು, ಎರಡು ಶೈಲಿ

ರೈಲಿನ ಛಾಯಾಚಿತ್ರವೆಂದರೆ ಅದು ರೈಲಿನ ಚಿತ್ರವಾಗಿರಬೇಕೇ, ರೈಲು ಹಾದುಹೋಗುವ ನೆಲದ ಚಿತ್ರವಾಗಿರಬೇಕೇ? ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳ ನಡುವೆ ಬಹುಕಾಲದಿಂದ ನಡೆದುಬಂದ ಈ ವಾದದೊಳಕ್ಕೆ ಕಳೆದ ಮಳೆಗಾಲದ ಕೊನೆಗೆ ನನ್ನನ್ನೂ ಎಳೆದುಕೊಂಡರು. ಹಳೆಯ ವಿದ್ಯಾರ್ಥಿ ಸಂಘದವರು ಇಬ್ಬರ ಚಿತ್ರಗಳನ್ನೂ ಸೇರಿಸಿ ಶಾಲೆಯ ಸಭಾಂಗಣದಲ್ಲಿ ಒಂದು ಪ್ರದರ್ಶನ ಏರ್ಪಡಿಸಲು ನಿಶ್ಚಯಿಸಿದ್ದರು. ಒಟ್ಟು 40 ಚಿತ್ರಗಳು. ಯಾವುದರ ಪಕ್ಕದಲ್ಲಿ ಯಾವುದು ತೂಗಬೇಕು, ಕೆಳಗೆ ಏನು ಬರೆಯಬೇಕು ಎಂಬುದನ್ನು ತೀರ್ಮಾನಿಸುವ ಕೆಲಸ ನನ್ನ ಪಾಲಿಗೆ ಬಂತು. ಮೂವತ್ತಕ್ಕೂ ಹೆಚ್ಚು ವರ್ಷ ಗಣಿತ, ವಿಜ್ಞಾನ ಕಲಿಸಿದ ನನಗೆ ಪೀನ ಮಸೂರದ ಸೂತ್ರ ಗೊತ್ತು. ಕ್ಯಾಮೆರಾದ ವಿಷಯದಲ್ಲಿ ಅದಕ್ಕಿಂತ ಹೆಚ್ಚಿನ ಅರ್ಹತೆಯಿಲ್ಲ. "ಅದಕ್ಕೇ ನಿಮ್ಮನ್ನು ಕೇಳುವುದು ಸರ್, ನೀವು ಯಾರ ಪಾರ್ಟಿಯೂ ಅಲ್ಲವಲ್ಲ" ಎಂದು ಇಬ್ಬರೂ ಒಂದೇ ಬಾಯಲ್ಲಿ ಹೇಳಿದರು. ಅವರಿಬ್ಬರೂ ಒಪ್ಪಿಕೊಂಡ ಏಕೈಕ ಸಂಗತಿ ಅದು.

ಒಬ್ಬ ಬ್ಯಾಂಕಿನ ಉದ್ಯೋಗಿ. ಇನ್ನೊಬ್ಬ ಮದುವೆ, ಉಪನಯನಗಳ ಚಿತ್ರ ತೆಗೆಯುವ ಸ್ಟುಡಿಯೋ ಇಟ್ಟುಕೊಂಡವನು. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತವರು. ಮಂಗಳೂರು ಎಷ್ಟು ದೊಡ್ಡದಾದರೂ ಹೆಸರು ಬರೆದರೆ ಮನೆಯವರೆಗೆ ಗುರುತು ಹತ್ತುವ ಊರಾದ್ದರಿಂದ ಇಲ್ಲಿ ಅವರನ್ನು ಬ್ಯಾಂಕಿನವನು, ಸ್ಟುಡಿಯೋದವನು ಎಂದೇ ಕರೆಯುತ್ತೇನೆ.

ಇಬ್ಬರಿಗೂ ಪ್ರಿಯವಾದ ಸ್ಥಳ ನೇತ್ರಾವತಿಯ ರೈಲು ಸೇತುವೆ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ದಕ್ಷಿಣ ದಿಕ್ಕಿನಿಂದ, ಈ ಹೊಳೆಯನ್ನು ದಾಟಿ. ಕಾಸರಗೋಡು, ಕಣ್ಣೂರು, ಕೋಝಿಕ್ಕೋಡುಗಳ ಕಡೆಯಿಂದ ಬರುವ ಗಾಡಿ ಉಳ್ಳಾಲ ಬಿಟ್ಟು ಸೇತುವೆಗೆ ಕಾಲಿಟ್ಟ ಕೂಡಲೇ ಅದರ ಸದ್ದು ಬದಲಾಗುತ್ತದೆ. ಪ್ರಯಾಣಿಕರು ಮೇಲಿನಿಂದ ಚೀಲ ಇಳಿಸತೊಡಗುತ್ತಾರೆ. ಈ ಒಂದೇ ಸೇತುವೆಯ ಚಿತ್ರಗಳನ್ನು ಇಬ್ಬರಿಂದಲೂ ತರಿಸಿಕೊಂಡು ನನ್ನ ಊಟದ ಮೇಜಿನ ಮೇಲೆ ಎದುರುಬದುರಾಗಿ ಹರಡಿದೆ.

ಬ್ಯಾಂಕಿನವನದು ನಿಯಮಬದ್ಧ ಶೈಲಿ. ಸೂರ್ಯ ತನ್ನ ಬೆನ್ನ ಹಿಂದೆ ಇರಬೇಕು. ಎಂಜಿನ್ನಿನ ಮುಖವೂ ಒಂದು ಪಾರ್ಶ್ವವೂ ಒಟ್ಟಿಗೆ ಕಾಣುವಂತೆ ಗಾಡಿ ಓರೆಯಾಗಿ ಬರಬೇಕು. ಎಂಜಿನ್ನಿನ ಸಂಖ್ಯೆ ಓದುವಂತಿರಬೇಕು, ಚಕ್ರಗಳ ಮುಂದೆ ಹುಲ್ಲೂ ಅಡ್ಡ ಬರಬಾರದು, ಕೊನೆಯ ಬೋಗಿಯವರೆಗೂ ಎಲ್ಲವೂ ಸ್ಫುಟವಾಗಿರಬೇಕು. ಪ್ರತಿ ಚಿತ್ರಕ್ಕೂ ದಿನಾಂಕ, ಗಾಡಿಯ ಸಂಖ್ಯೆ, ಎಂಜಿನ್ನಿನ ವರ್ಗ, ಎಷ್ಟು ನಿಮಿಷ ತಡ ಎಂಬುದನ್ನೆಲ್ಲ ಬರೆದಿಟ್ಟಿದ್ದಾನೆ. ಸ್ಟುಡಿಯೋದವನು ಇದನ್ನು "ಪಾಸ್‌ಪೋರ್ಟ್ ಫೋಟೋ" ಎಂದು ಹಾಸ್ಯ ಮಾಡುತ್ತಾನೆ.

ಸ್ಟುಡಿಯೋದವನು ಸಂಜೆ ಹೋಗುತ್ತಾನೆ. ಸೂರ್ಯ ಸಮುದ್ರದ ಕಡೆ ಇಳಿಯುವಾಗ ಹೊಳೆಯ ಮೇಲ್ಭಾಗದಲ್ಲಿ ನಿಂತು ಬೆಳಕಿಗೆ ಎದುರಾಗಿ ಚಿತ್ರ ತೆಗೆಯುತ್ತಾನೆ. ಗಾಡಿ ಚೌಕಟ್ಟಿನ ಮೇಲಂಚಿನಲ್ಲಿ ಒಂದು ಕಪ್ಪು ಗೆರೆ, ಗೆರೆಯಲ್ಲಿ ಕಿಟಕಿಗಳ ಬೆಳಕಿನ ಚುಕ್ಕಿಗಳು. ಕೆಳಗೆ ಮುಕ್ಕಾಲು ಪಾಲು ನೀರು. ನೀರಿನಲ್ಲಿ ಸೊಂಟದವರೆಗೆ ಮುಳುಗಿ ಮರುವಾಯಿ ಹೆಕ್ಕುವ ನಾಲ್ಕೈದು ಮಂದಿ, ಒಂದು ದೋಣಿ. ಎಲ್ಲವೂ ನೆರಳಾಕೃತಿ. "ಇದು ಯಾವ ಗಾಡಿ ಮಾರಾಯ?" ಎಂದು ಬ್ಯಾಂಕಿನವನು ಕೇಳಿದರೆ, "ಯಾವುದಾದರೂ ಆಗಬಹುದು" ಎನ್ನುತ್ತಾನೆ. ಬ್ಯಾಂಕಿನವನಿಗೆ ಇದಕ್ಕಿಂತ ದೊಡ್ಡ ಅಪರಾಧವಿಲ್ಲ.

ಓರೆ ನೋಟದ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಅದು ಕೇವಲ ರೂಢಿಯಲ್ಲ. ಗಂಟೆಗೆ 72 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ 20 ಮೀಟರ್ ಚಲಿಸುತ್ತದೆ. ಶಟರ್ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಕಾಲ ತೆರೆದಿದ್ದರೆ ಅಷ್ಟರಲ್ಲಿ ಗಾಡಿ 2 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಐವತ್ತರ ಒಂದು ಭಾಗವಾದರೆ 40 ಸೆಂಟಿಮೀಟರ್. ಗಾಡಿ ನಮ್ಮ ಕಣ್ಣಿಗೆ ಅಡ್ಡವಾಗಿ ಓಡಿದರೆ ಈ ಚಲನೆ ಪೂರ್ತಿಯಾಗಿ ಚಿತ್ರದಲ್ಲಿ ಮಸುಕಾಗಿ ಮೂಡುತ್ತದೆ. ಹಳಿಗೂ ನಮ್ಮ ದೃಷ್ಟಿರೇಖೆಗೂ 30 ಡಿಗ್ರಿ ಕೋನವಿದ್ದರೆ ಅಡ್ಡ ಚಲನೆ ಅರ್ಧಕ್ಕೆ ಇಳಿಯುತ್ತದೆ. ಹತ್ತನೆಯ ತರಗತಿಯ ತ್ರಿಕೋನಮಿತಿ, ಅಷ್ಟೆ. ಫಿಲ್ಮಿನ ಸಂವೇದನೆ ಕಡಿಮೆಯಿದ್ದ ದಿನಗಳಲ್ಲಿ ಓಡುವ ಗಾಡಿಯನ್ನು ಸ್ಫುಟವಾಗಿ ಹಿಡಿಯಬೇಕಾದವರಿಗೆ ಓರೆ ನೋಟ ದೊಡ್ಡ ಆಸರೆಯಾಗಿತ್ತು. ಅದರ ಜೊತೆಗೆ ಓರೆ ಗೆರೆಗೆ ಕಣ್ಣನ್ನು ಎಳೆಯುವ ಶಕ್ತಿಯಿದೆ. ಲೂಮಿಯೇರ್ ಸಹೋದರರು ಲಾ ಸಿಯೋಟಾ ನಿಲ್ದಾಣಕ್ಕೆ ರೈಲು ಬರುವ ಪುಟ್ಟ ಚಲನಚಿತ್ರ ತೆಗೆದಾಗಲೂ ಕ್ಯಾಮೆರಾವನ್ನು ಹಳಿಯ ಪಕ್ಕದಲ್ಲಿ ಓರೆಯಾಗಿಯೇ ಇಟ್ಟಿದ್ದರು. ದೂರದ ಚುಕ್ಕಿ ಬೆಳೆಯುತ್ತ ಬೆಳೆಯುತ್ತ ಚೌಕಟ್ಟಿನ ಅಂಚನ್ನು ದಾಟಿ ಹೋಗುತ್ತದೆ.

ದೂರದಿಂದ ಉದ್ದ ಲೆನ್ಸಿನಲ್ಲಿ ತೆಗೆದ ಚಿತ್ರಗಳಲ್ಲಿ ಬೋಗಿಗಳು ಅಕಾರ್ಡಿಯನ್ ಮಡಿಕೆಯಂತೆ ಒತ್ತೊತ್ತಾಗಿ ಕಾಣುತ್ತವಲ್ಲ, ಅದನ್ನು ಇಬ್ಬರೂ ಲೆನ್ಸಿನ ಗುಣ ಎನ್ನುತ್ತಾರೆ. ಅದು ಲೆನ್ಸಿನದಲ್ಲ, ದೂರದ ಗುಣ. ಅದೇ ಜಾಗದಲ್ಲಿ ನಿಂತು ಸಾಮಾನ್ಯ ಲೆನ್ಸಿನಲ್ಲಿ ತೆಗೆದು ಆ ಭಾಗವನ್ನಷ್ಟೇ ಹಿಗ್ಗಿಸಿದರೂ ಬೋಗಿಗಳು ಹಾಗೆಯೇ ಒತ್ತಿಕೊಂಡಿರುತ್ತವೆ. ಮೇಷ್ಟರ ಚಪಲ, ಹೇಳದೆ ಇರಲಾಗಲಿಲ್ಲ.

ಸ್ಟುಡಿಯೋದವನ ಶೈಲಿಗೂ ಹಿರಿಯರಿದ್ದಾರೆ. ಇಂಗ್ಲೆಂಡಿನ ಟರ್ನರ್ 1844ರಲ್ಲಿ ಪ್ರದರ್ಶಿಸಿದ, ಮಳೆ, ಹಬೆ, ವೇಗ ಎಂಬ ಮೂರು ಮಾತುಗಳನ್ನೇ ಹೆಸರಾಗಿ ಉಳ್ಳ ತೈಲಚಿತ್ರವನ್ನು ಅವನಿಗೆ ತೋರಿಸಿದೆ. ಥೇಮ್ಸ್ ನದಿಯ ಸೇತುವೆಯ ಮೇಲೆ ಮಳೆಯೊಳಗಿಂದ ರೈಲೊಂದು ಬರುತ್ತಿದೆ. ಎಂಜಿನ್ನಿನ ಕಪ್ಪು ಕೊಳವೆಯೊಂದನ್ನು ಬಿಟ್ಟರೆ ಯಾವುದೂ ಖಚಿತವಾಗಿಲ್ಲ. ಹೊಳೆಯಲ್ಲಿ ಒಂದು ಪುಟ್ಟ ದೋಣಿಯಿದೆ. ಹಳಿಯ ಮೇಲೆ ಗಾಡಿಯ ಮುಂದೆ ಓಡುವ ಮೊಲವೊಂದಿದೆಯೆಂದು ಬಲ್ಲವರು ಹೇಳುತ್ತಾರೆ, ಹುಡುಕಿದರೆ ಮಾತ್ರ ಸಿಗುತ್ತದೆ. ಮಂಗಳೂರಿನ ಜುಲೈ ತಿಂಗಳನ್ನು ಕಂಡವರಿಗೆ ಆ ಚಿತ್ರ ಅಪರಿಚಿತವೆನಿಸುವುದಿಲ್ಲ. ಸ್ಟುಡಿಯೋದವನು ಬಹಳ ಹೊತ್ತು ನೋಡಿ, "ಇವರಿಗೂ ಎಂಜಿನ್ ನಂಬರ್ ಬೇಕಾಗಿರಲಿಲ್ಲ ನೋಡಿ ಸರ್" ಎಂದ. ಮೊಲ ಕಾಣಿಸಿತೇ ಎಂದು ಕೇಳಿದೆ. ಕಾಣಿಸಿರಲಿಲ್ಲ.

ನನ್ನ ಒಲವು ಯಾವ ಕಡೆಗೆ ಎಂದು ನೀವು ಕೇಳಬಹುದು. ಸ್ಟುಡಿಯೋದವನ ಕಡೆಗೇ, ಈಗಲೂ. ಒಂದು ಚಿತ್ರವನ್ನು ಗೋಡೆಯ ಮೇಲೆ ತೂಗಿ ದಿನವೂ ನೋಡಬೇಕಾದರೆ ನಾನು ಆರಿಸುವುದು ಅವನ ಹೊಳೆಯ ಚಿತ್ರವನ್ನೇ. ಆದರೆ ಪ್ರದರ್ಶನಕ್ಕೆ ಅಡಿಬರಹ ಬರೆಯುವ ಕೆಲಸ ನನ್ನನ್ನು ಇನ್ನೊಂದು ಕಡೆಗೆ ಕೊಂಡೊಯ್ದಿತು.

ಬ್ಯಾಂಕಿನವನ ಚಿತ್ರಗಳಲ್ಲಿ ಅತ್ಯುತ್ತಮವಾದವು ಘಟ್ಟದ ಮಾರ್ಗದವು. ಮಂಗಳೂರು–ಹಾಸನ ಮಾರ್ಗ ಮೀಟರ್ ಗೇಜಿನಲ್ಲಿ ಪೂರ್ಣಗೊಂಡದ್ದು 1979ರಲ್ಲಿ. ಅದರಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ಘಟ್ಟದ ಹಾದಿಯಲ್ಲಿ 57 ಸುರಂಗಗಳಿವೆ. 50 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೇರುವ ಚಡಾವು. ಗೇಜ್ ಪರಿವರ್ತನೆಗೆಂದು 1996ರಲ್ಲಿ ಘಟ್ಟದ ಗಾಡಿಗಳು ನಿಂತವು. ಬ್ರಾಡ್ ಗೇಜಿನಲ್ಲಿ 2006ರಲ್ಲಿ ಗೂಡ್ಸ್ ಗಾಡಿಗಳೂ 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ಗಾಡಿಯೂ ಓಡಿದವು. ಆ ನಡುವಿನ ವರ್ಷಗಳಲ್ಲಿ ನಮ್ಮ ಮಕ್ಕಳು ರೈಲಿನಲ್ಲಿ ಹೋಗಬೇಕಾದ ಹಾದಿಯಲ್ಲಿ ಚಾರಣ ಹೋಗುತ್ತಿದ್ದರು!

ಮೀಟರ್ ಗೇಜಿನ ಹದಿನೇಳು ವರ್ಷಗಳಲ್ಲಿ ನಾನು ಆ ಗಾಡಿಯಲ್ಲಿ ಎಷ್ಟೋ ಬಾರಿ ಹೋಗಿದ್ದೇನೆ. ನನ್ನ ಬಳಿ ಒಂದು ಚಿತ್ರವೂ ಇಲ್ಲ. 36 ಚಿತ್ರಗಳ ಒಂದು ರೋಲ್ ಹಾಕಿಸಿದರೆ ಅದು ಒಂದು ಮದುವೆ, ಒಂದು ತೊಟ್ಟಿಲು, ಒಂದು ಶಾಲಾ ವಾರ್ಷಿಕೋತ್ಸವಕ್ಕೆ ಸಾಲಬೇಕಾಗಿದ್ದ ಕಾಲವದು. ರೈಲಿಗೆ ಯಾರು ಖರ್ಚು ಮಾಡುತ್ತಾರೆ? ಇಂದು ಅದೇ ಹಾದಿಯಲ್ಲಿ ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿಗಳು 2021ರಿಂದ ಓಡುತ್ತಿವೆ, ಒಂದೊಂದು ಸುರಂಗಕ್ಕೂ ನೂರು ಮೊಬೈಲುಗಳು ಎತ್ತುತ್ತವೆ. ಚಿತ್ರಗಳಿಗೆ ಬರವಿಲ್ಲ. ಆದರೆ ಅವುಗಳಲ್ಲಿ ಕಾಣುವುದು ಕಮಾನು ಸೇತುವೆ, ಹಸುರು, ಜಲಪಾತ, ಕಿಟಕಿಯಿಂದ ಹೊರಚಾಚಿದ ಕೈ. ಹಳಿಯ ಪಕ್ಕ ಸುತ್ತಿಗೆ ಹಿಡಿದು ನಿಂತವರು ಬೇಕೆಂದು ಬಂದದ್ದಿಲ್ಲ. ಮಾರ್ಗ ಕೆಟ್ಟಾಗ ಮಾತ್ರ ಅವರಿಗೆ ಚಿತ್ರದ ನಡುವೆ ಜಾಗ ಸಿಗುತ್ತದೆ: 2024ರ ಜುಲೈನಲ್ಲಿ ಯಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯಡಿಯ ಮಣ್ಣು ಜರಿದಾಗ ಪತ್ರಿಕೆಗಳ ತುಂಬ ಮಳೆಯಲ್ಲಿ ದುಡಿಯುವ ಕಾರ್ಮಿಕರ ಚಿತ್ರಗಳಿದ್ದವು; ಗಾಡಿ ಓಡಿದ ಮರುದಿನದಿಂದ ಮತ್ತೆ ಕಮಾನು ಸೇತುವೆ, ಹಸುರು.

ನೆಟ್ಟಣದ ಆಚೆ, ಹಳಿಗೆ ತಾಗಿದ ತೋಟವೊಂದರ ದಿಬ್ಬದಿಂದ ಬ್ಯಾಂಕಿನವನು 2011ರಲ್ಲಿ ತೆಗೆದ ಚಿತ್ರವೊಂದಿತ್ತು. (ತೋಟದ ಯಜಮಾನರ ಅನುಮತಿ ಕೇಳಿ ಬೇಲಿಯ ಈಚೆ ನಿಲ್ಲುವವನು ಅವನು. ಹಳಿಯ ಮೇಲೆ ನಿಂತು ಚಿತ್ರ ತೆಗೆಯುವ ಇಂದಿನ ಹುಡುಗರಿಗೆ ಇದನ್ನು ಒತ್ತಿ ಹೇಳುತ್ತೇನೆ. 1989ರ ರೈಲ್ವೆ ಕಾಯಿದೆಯ 147ನೆಯ ಕಲಮಿನಂತೆ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಸೆರೆವಾಸವೋ ಸಾವಿರ ರೂಪಾಯಿವರೆಗೆ ದಂಡವೋ ಉಂಟು. ಗಾಡಿ ಕೊಡುವ ಶಿಕ್ಷೆಗೆ ಮಿತಿಯಿಲ್ಲ.) ಪಣಂಬೂರಿನ ಕಡೆಯಿಂದ ಬಂದ ಗೂಡ್ಸ್ ಗಾಡಿ ತಿರುವಿನಲ್ಲಿ ಘಟ್ಟಕ್ಕೆ ಮುಖ ಮಾಡಿದೆ. ಮುಂದೆ ಎರಡು ಡೀಸೆಲ್ ಎಂಜಿನ್, ಬಹುದೂರ ಹಿಂದೆ ಗಾಡಿಯನ್ನು ದೂಡುವ ಎಂಜಿನ್ನುಗಳ ಹೊಗೆ. ಮಳೆ ನಿಂತ ಬೆಳಗಿನ ಬೆಳಕು. ನಿಯಮದ ಪ್ರಕಾರ ನಿರ್ದೋಷ. ಅದು ಎಷ್ಟನೆಯ ಕಿಲೋಮೀಟರೆಂದು ಅಡಿಬರಹದಲ್ಲಿ ಬರೆಯೋಣವೆಂದು ಕಂಬಕ್ಕಾಗಿ ನೋಡಿದೆ, ಕಾಣಲಿಲ್ಲ. "ಎಡಗಡೆ ಇತ್ತು ಸರ್, ಕ್ರಾಪ್ ಮಾಡಿದ್ದೇನೆ. ಒರಿಜಿನಲ್ ಇದೆ, ಕಳಿಸುತ್ತೇನೆ" ಎಂದ.

ಮೂಲ ಚಿತ್ರ ಬಂತು. ಎಡಗಡೆಯ ಐದನೆಯ ಒಂದು ಭಾಗ ಕತ್ತರಿಸಲ್ಪಟ್ಟಿತ್ತು. ಕಿಲೋಮೀಟರು ಕಂಬ ಇತ್ತು. ಅದರ ಪಕ್ಕದಲ್ಲಿ ಒಬ್ಬ ಮನುಷ್ಯನೂ ಇದ್ದ. ಹೆಗಲ ಮೇಲೆ ಉದ್ದ ಹಿಡಿಯ ಸುತ್ತಿಗೆ, ಇನ್ನೊಂದು ಕೈಯಲ್ಲಿ ಸುತ್ತಿದ ಬಾವುಟ. ಹಳಿಯಿಂದ ಬೇಕಾದಷ್ಟು ದೂರ ಸರಿದು ನಿಂತು ಗಾಡಿಯ ಚಕ್ರಗಳನ್ನೇ ನೋಡುತ್ತಿದ್ದ. ಕೀಮ್ಯಾನ್ ಎನ್ನುತ್ತಾರೆ, ತನ್ನ ಪಾಲಿನ ಹಾದಿಯನ್ನು ದಿನವೂ ನಡೆದು, ಸಡಿಲಾದ ಕೀಲಿಗಳನ್ನು ಹೊಡೆದು ಬಿಗಿ ಮಾಡುವವನು. ಬ್ಯಾಂಕಿನವನ ನಿಯಮಾವಳಿಯಂತೆ ಎಂಜಿನ್ನಿನಿಂದ ಕಣ್ಣನ್ನು ಆಚೆ ಸೆಳೆಯುವ ವಸ್ತು ಚೌಕಟ್ಟಿನ ಅಂಚಿನಲ್ಲಿ ಇರಕೂಡದು.

ಅಂದು ಸಂಘದ ಲೆಕ್ಕಪತ್ರ ನೋಡಿಕೊಳ್ಳುವ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. ಹುಡುಗಿ ಎಂದರೆ ಈಗ ಎರಡು ಮಕ್ಕಳ ತಾಯಿ, ನಗರದ ಆಸ್ಪತ್ರೆಯೊಂದರಲ್ಲಿ ನರ್ಸ್. ನಮ್ಮ ಕಣ್ಣಿಗೆ ಅವರೆಲ್ಲ ಎಂದೆಂದಿಗೂ ಹತ್ತನೆಯ ತರಗತಿಯವರೇ. ಚಿಕ್ಕಮ್ಮನ ಮನೆಯಲ್ಲಿದ್ದು ನಮ್ಮ ಶಾಲೆಗೆ ಬರುತ್ತಿದ್ದಳು. ತಂದೆ ರೈಲ್ವೆಯಲ್ಲಿ, ಘಟ್ಟದ ಕಡೆ ಎಂಬುದಷ್ಟೇ ನನಗೆ ನೆನಪು. ಲ್ಯಾಪ್‌ಟಾಪಿನಲ್ಲಿ ಕಂಬದ ಮೇಲಿನ ಅಂಕಿ ಓದಲೆಂದು ನಾನು ಚಿತ್ರವನ್ನು ಹಿಗ್ಗಿಸುತ್ತಿದ್ದೆ. ಹಿಂದಿನಿಂದ ನೋಡುತ್ತಿದ್ದವಳು, "ಸರ್, ಸ್ವಲ್ಪ ಎಡಕ್ಕೆ" ಎಂದಳು. ಎಡಕ್ಕೆ ಸರಿಸಿದೆ. ಮತ್ತೆ ಮಾತಿಲ್ಲ. ನಾನು ತಿರುಗಿ ನೋಡುವಷ್ಟರಲ್ಲಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಿದ್ದಳು. "ಇವರು ನಮ್ಮ ಅಪ್ಪ" ಎಂದಳು.

ಅವರು ನಿವೃತ್ತರಾಗಿ, 2019ರಲ್ಲಿ ತೀರಿಕೊಂಡಿದ್ದರು. ಮನೆಯಲ್ಲಿ ಅವರ ಚಿತ್ರಗಳು ಇಲ್ಲವೆಂದಲ್ಲ: ಮಗಳ ಮದುವೆಯಲ್ಲಿ ಜರಿ ಪಂಚೆ ಉಟ್ಟು ಅಡ್ಡಾದಿಡ್ಡಿ ನಿಂತದ್ದು, ಮತ್ತೆ ಗೋಡೆಯ ಮೇಲೆ ಹಾರ ಹಾಕಿದ್ದು. ಜೀವಮಾನವಿಡೀ ಮಾಡಿದ ಕೆಲಸದಲ್ಲಿ ಇರುವ ಚಿತ್ರ ಒಂದೂ ಇರಲಿಲ್ಲ. ಮಳೆಗಾಲದ ರಾತ್ರಿಗಳಲ್ಲಿ ದೀಪ ಹಿಡಿದು ಹಳಿ ಕಾಯಲು ಹೋದವರು ಬೆಳಿಗ್ಗೆ ಬಂದು ಕಾಲಿನಿಂದ ಜಿಗಣೆ ಕೀಳುತ್ತಿದ್ದುದನ್ನು ಅವಳು ಹೇಳಿದಳು.

ಇಲ್ಲಿ ನನಗೆ ಹೊಳೆದದ್ದನ್ನು ಬಿಡಿಸಿ ಹೇಳಬೇಕು. ಆ ಮನುಷ್ಯನ ಮುಖ ಮಗಳಿಗೆ ಗುರುತು ಸಿಕ್ಕಿದ್ದು ಬ್ಯಾಂಕಿನವನ "ಪಾಸ್‌ಪೋರ್ಟ್ ಫೋಟೋ" ಶೈಲಿಯಿಂದ. ಸೂರ್ಯ ಬೆನ್ನ ಹಿಂದೆ ಇದ್ದುದರಿಂದ ಮುಖದ ಮೇಲೆ ಬೆಳಕಿತ್ತು. ಮೊದಲ ಎಂಜಿನ್ನಿನಿಂದ ಕೊನೆಯ ಬೋಗಿಯವರೆಗೆ ಎಲ್ಲವೂ ಸ್ಫುಟವಾಗಿರಬೇಕೆಂಬ ಹಠದಿಂದ ಹಳಿ ಬದಿಯ ಮನುಷ್ಯನೂ ಸ್ಫುಟನಾಗಿದ್ದ. ಚಿತ್ರ ತೆಗೆದವನಿಗೆ ಅವನು ಬೇಕಾಗಿರಲಿಲ್ಲ, ಆದರೂ ಅವನ ಅಂಗಿಯ ಗುಂಡಿಯವರೆಗೆ ದಾಖಲಾಗಿದ್ದ. ಸ್ಟುಡಿಯೋದವನದು ತಿರುವುಮುರುವು. ಅವನ ಚಿತ್ರದಲ್ಲಿ ಮನುಷ್ಯರಿಗೇ ಪ್ರಧಾನ ಸ್ಥಾನ. ಮುಕ್ಕಾಲು ಚೌಕಟ್ಟು ಅವರದು. ಅವನು ಅವರನ್ನು ಪ್ರೀತಿಯಿಂದಲೇ ನೋಡಿದ್ದಾನೆ. ಆದರೆ ಬೆಳಕಿಗೆ ಎದುರಾಗಿ ತೆಗೆದದ್ದರಿಂದ ಯಾರಿಗೂ ಮುಖವಿಲ್ಲ. ಮರುವಾಯಿ ಹೆಕ್ಕುವವರ ಮಗಳೊಬ್ಬಳು ಆ ಚಿತ್ರದ ಮುಂದೆ ನಿಂತರೆ "ಚೆನ್ನಾಗಿದೆ" ಎಂದಾಳು. "ನಮ್ಮ ಅಪ್ಪ" ಎನ್ನಲಾರಳು.

ದೊಡ್ಡವರ ಕೆಲಸದಲ್ಲೂ ಈ ಭೇದವಿದೆ. ಮುಂಬಯಿಯ ಚರ್ಚ್‌ಗೇಟ್ ನಿಲ್ದಾಣದಲ್ಲಿ, 1995ರಲ್ಲಿ, ಬ್ರೆಜಿಲಿನ ಸೆಬಾಸ್ಟಿಯೋ ಸಲ್ಗಾಡೋ ಮತ್ತು ನಮ್ಮ ರಘು ರಾಯ್ ಇಬ್ಬರೂ ಚಿತ್ರ ತೆಗೆದಿದ್ದಾರೆ. ಇಬ್ಬರದೂ ಕಪ್ಪು–ಬಿಳುಪು, ಇಬ್ಬರೂ ಶಟರನ್ನು ಹೆಚ್ಚು ಹೊತ್ತು ತೆರೆದಿಟ್ಟವರು. ಸಲ್ಗಾಡೋ ಎತ್ತರದಿಂದ ನೋಡುತ್ತಾರೆ: ಎರಡು ಗಾಡಿಗಳ ನಡುವೆ ಜನ ಮಂಜಿನಂತೆ, ನೆರೆಯಂತೆ ಹರಿಯುತ್ತಾರೆ, ಬಿಡಿ ಮನುಷ್ಯನಿಲ್ಲ. ವಲಸೆಯ ಕುರಿತು ಹೇಳಲು ಹೊರಟವರಿಗೆ ಆ ಪ್ರವಾಹವೇ ಬೇಕಾಗಿತ್ತು. ರಘು ರಾಯ್ ಚಿತ್ರದಲ್ಲೂ ಜನ ಮಸುಕಾಗಿ ಹರಿಯುತ್ತಾರೆ, ಆದರೆ ಅದರ ನಡುವೆ ಪತ್ರಿಕೆ ಓದುತ್ತ ಕದಲದೆ ಇದ್ದವರು ಸ್ಫುಟವಾಗಿ ಉಳಿದುಬಿಟ್ಟಿದ್ದಾರೆ. ಎರಡೂ ಶ್ರೇಷ್ಠ ಚಿತ್ರಗಳೇ. ನಾಳೆ ಯಾರಾದರೂ ಬಂದು "ಇವರು ನಮ್ಮವರು" ಎನ್ನಲು ಎರಡನೆಯದರಲ್ಲಿ ಮಾತ್ರ ಒಂದಿಷ್ಟು ಜಾಗವಿದೆ.

ಎರಡನ್ನೂ ಸಾಧಿಸಿದವರು ಇಲ್ಲವೇ ಎಂದರೆ, ಅಮೆರಿಕದ ಓ. ವಿನ್ಸ್‌ಟನ್ ಲಿಂಕ್ ಇದ್ದರು. ನಾರ್‌ಫೋಕ್ ಅಂಡ್ ವೆಸ್ಟರ್ನ್ ರೈಲ್ವೆಯ ಉಗಿಬಂಡಿಗಳ ಕೊನೆಯ ದಿನಗಳನ್ನು 1955ರಿಂದ 1960ರವರೆಗೆ ಹೆಚ್ಚಾಗಿ ರಾತ್ರಿಯಲ್ಲೇ ಚಿತ್ರಿಸಿದವರು. ಸೂರ್ಯ ಬೇಕಾದಲ್ಲಿ ನಿಲ್ಲುವುದಿಲ್ಲವಾದ್ದರಿಂದ ಹತ್ತಾರು ಫ್ಲ್ಯಾಶ್ ಬಲ್ಬುಗಳನ್ನು ತಂತಿಯಿಂದ ಜೋಡಿಸಿ ಒಂದೇ ಕ್ಷಣಕ್ಕೆ ಬೆಳಗಿಸುತ್ತಿದ್ದರು. ಉಗಿಬಂಡಿ ಹಿಂದೆ ಹಾದುಹೋಗುತ್ತದೆ, ಮುಂದೆ ಊರಿನವರು ಈಜುತ್ತಾರೆ, ಕಾರಿಗೆ ಪೆಟ್ರೋಲ್ ಹಾಕಿಸುತ್ತಾರೆ. 1956ರ ಅವರ ಪ್ರಸಿದ್ಧ ಚಿತ್ರದಲ್ಲಿ ತೆರೆದ ಕಾರಿನಲ್ಲಿ ಕುಳಿತ ಜೋಡಿಯೊಂದು ಬಯಲಿನ ಸಿನಿಮಾ ನೋಡುತ್ತಿದೆ, ಪರದೆಯ ಮೇಲೆ ವಿಮಾನ, ಆಚೆ ಬಿಳಿ ಹೊಗೆಯುಗುಳುವ ರೈಲು. ಆ ವಿಮಾನವನ್ನು ಮಾತ್ರ ಲಿಂಕ್ ಆಮೇಲೆ ಕತ್ತಲೆಕೋಣೆಯಲ್ಲಿ ಸೇರಿಸಿದರು; ಫ್ಲ್ಯಾಶಿನ ಬೆಳಕಿಗೆ ಪರದೆ ಬೆಳ್ಳಗಾಗಿಬಿಟ್ಟಿತ್ತು. ಜನರನ್ನು ಕೂರಿಸಿ ನಿಲ್ಲಿಸಿ ತೆಗೆದ ಚಿತ್ರಗಳಾದ್ದರಿಂದ ಸಹಜವಲ್ಲವೆಂದು ಬ್ಯಾಂಕಿನವನಿಗೆ ಅವು ಹಿಡಿಸಲಿಲ್ಲ. ಸ್ಟುಡಿಯೋದವನು ಕುಣಿದಾಡಿದ. "ಸರ್, ಇದು ಮದುವೆ ಹಾಲ್‌ನ ಲೈಟಿಂಗ್! ನಾನು ದಿನಾ ಮಾಡುವುದು ಇದನ್ನೇ!" ನೇತ್ರಾವತಿಯ ದಡದಲ್ಲಿ ನೀವು ಅದನ್ನೇಕೆ ಮಾಡಲಿಲ್ಲ ಎಂದು ಕೇಳಿದವಳು ನಮ್ಮ ಲೆಕ್ಕಪತ್ರದ ಹುಡುಗಿ. "ಅಣ್ಣ, ಈ ನೀರಿನಲ್ಲಿ ಇರುವವರು ಯಾರು?" ಎಂದೂ ಕೇಳಿದಳು. ಅವನಲ್ಲಿ ಉತ್ತರವಿರಲಿಲ್ಲ.

ಘಟ್ಟದ ಚಿತ್ರವನ್ನು ಹೇಗೆ ತೂಗಬೇಕೆಂಬ ಬಗ್ಗೆ ಎರಡು ಸಂಜೆ ಚರ್ಚೆಯಾಯಿತು. ಕತ್ತರಿಸದ ಚಿತ್ರದ ಸಂಯೋಜನೆ ನಿಜಕ್ಕೂ ದುರ್ಬಲ, ಇದನ್ನು ಸ್ಟುಡಿಯೋದವನೂ ಒಪ್ಪಿದ. ಎಂಜಿನ್ ಬಲಕ್ಕೆ ಜಾರಿದಂತೆ ಕಾಣುತ್ತದೆ, ಎಡ ಅಂಚಿನ ಮನುಷ್ಯ ಕಣ್ಣನ್ನು ಹೊರಕ್ಕೆ ಒಯ್ಯುತ್ತಾನೆ. ಮನುಷ್ಯನ ಸುತ್ತ ಮಾತ್ರ ಕತ್ತರಿಸಿ ದೊಡ್ಡದು ಮಾಡೋಣವೆಂದು ಅವನ ಸಲಹೆ. ಮಗಳು ಒಪ್ಪಲಿಲ್ಲ. ಗಾಡಿ ಇಲ್ಲದಿದ್ದರೆ ಅಪ್ಪ ಅಲ್ಲಿ ಏಕೆ ನಿಂತಿದ್ದಾರೆಂದು ನೋಡಿದವರಿಗೆ ತಿಳಿಯುವುದಿಲ್ಲ ಎಂದಳು. ಸಂಯೋಜನೆಯ ಬಗ್ಗೆ ಆ ಎರಡು ಸಂಜೆ ಕೇಳಿದ ಮಾತುಗಳಲ್ಲಿ ನನಗೆ ಅತ್ಯಂತ ಸರಿಯೆನಿಸಿದ್ದು ಅದೇ. ಪೂರ್ತಿ ಚಿತ್ರವನ್ನೇ, ಮಿಕ್ಕವುಗಳಿಗಿಂತ ದೊಡ್ಡ ಅಳತೆಯಲ್ಲಿ, ಮುಖ ಕಾಣುವ ಎತ್ತರದಲ್ಲಿ ತೂಗಿದೆವು. ಅಡಿಬರಹದಲ್ಲಿ ಎಂಜಿನ್ನುಗಳ ಸಂಖ್ಯೆ ಇರಲೇಬೇಕೆಂದು ಬ್ಯಾಂಕಿನವನು ಹಠ ಹಿಡಿದ, ಇರಲಿ ಎಂದೆ. ಅದರ ಮೇಲಿನ ಸಾಲಿನಲ್ಲಿ ಕೀಮ್ಯಾನರ ಹೆಸರನ್ನೂ ಅವರು ಆ ಹಾದಿಯಲ್ಲಿ ದುಡಿದ ವರ್ಷಗಳನ್ನೂ ಮಗಳು ತನ್ನ ಕೈಯಿಂದಲೇ ಬರೆದಳು.

ಆಮೇಲೆ ಬ್ಯಾಂಕಿನವನು ತನ್ನ ಹಳೆಯ ಹಾರ್ಡ್ ಡಿಸ್ಕುಗಳನ್ನೆಲ್ಲ ತೆರೆದು, ಕತ್ತರಿಸಿದ ಅಂಚುಗಳನ್ನು ನೋಡುತ್ತ ಕುಳಿತಿದ್ದಾನಂತೆ. ಕೊಂಕಣ ರೈಲಿನ ವಿದ್ಯುದೀಕರಣ 2022ರಲ್ಲಿ ಮುಗಿದ ಮೇಲೆ ಕಂಬ, ತಂತಿಗಳು ಚಿತ್ರ ಕೆಡಿಸುತ್ತವೆಂದು ಗೊಣಗುತ್ತಿದ್ದವನು ಈಗ ಸ್ವಲ್ಪ ಕಡಿಮೆ ಗೊಣಗುತ್ತಾನೆ. ಸ್ಟುಡಿಯೋದವನು ಒಂದು ಬೆಳಿಗ್ಗೆ ಉಳ್ಳಾಲದ ಕಡೆಯ ದಡಕ್ಕೆ ಹೋಗಿ ತನ್ನ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿ ವಿಚಾರಿಸಿದ. ಒಬ್ಬರು ದೋಣಿಯ ಆಕಾರ ನೋಡಿ ಒಂದು ಹೆಸರು ಹೇಳಿದರು, ಇನ್ನೊಬ್ಬರು ನಿಂತ ಭಂಗಿ ನೋಡಿ ಬೇರೊಂದು ಹೇಳಿದರು. ಮೂರನೆಯವರು, ಇದು ಯಾರೂ ಆಗಬಹುದು ಎಂದರು. ಆ ಚಿತ್ರದ ಕೆಳಗೆ ಸ್ಥಳ ಮತ್ತು ವರ್ಷ ಮಾತ್ರ ಬರೆದಿದ್ದೇನೆ.